ದಾಕ್ಷಾಯಿಣೀ ನಾಸಿಕಾವಿಜಯಂ

ಕಾದೆಣ್ಣೆಯ ಕ್ಷೀರಸಾಗರದಲ್ಲಿ ಪವಡಿಸಿ, ಕಡಲೆಹಿಟ್ಟಿನ ಕವಚ ತೊಟ್ಟು ಮೇಲೆದ್ದು, ದಾವಣಗೆರೆಯ ಸಮಸ್ತ ಜಿಹ್ವಾಮಂಡಲವನ್ನು ಏಕಚ್ಛತ್ರದಡಿ ಆಳುವ ಹೇ ಮಿರ್ಚಿಮಾತೆಯೇ, ಈ ಕಥನಕ್ಕೆ ತಕ್ಕಷ್ಟು ಖಾರವನ್ನು ಕರುಣಿಸು. ಸೆಮಿಸ್ಟರುಗಳು ಸರ್ಪಗಳಂತೆ ಹೆಡೆಯೆತ್ತಿದ್ದ, ಹಾಜರಾತಿಯ ಕೊರತೆಯಿಂದ ಧರೆಯೇ ತತ್ತರಿಸುತ್ತಿದ್ದ ಆ ಘೋರ ಕಲಿಯುಗದಲ್ಲಿ, ಬಿ.ಕಾಂ. ಎರಡನೆಯ ವರ್ಷವೆಂಬ ದುರ್ಗಮಾರಣ್ಯದೊಳಗೆ, ಆಜಾನುವೇಣಿಯೂ ಲೆಕ್ಕಶಾಸ್ತ್ರವಿಶಾರದೆಯೂ ಸದಾ ದುಪಟ್ಟಾಭಿಷಿಕ್ತೆಯೂ ಆದ ದಾಕ್ಷಾಯಿಣಿಯೆಂಬ ವೀರಾಂಗನೆ ಸಂಚರಿಸುತ್ತಿದ್ದಳು.

ಅವಳ ದುಪಟ್ಟಾಭಿಷೇಕ ನಡೆಯುತ್ತಿದ್ದುದು ಹೆಗಲಿಗಲ್ಲ, ಮೂಗಿಗೆ. ನಗು ಬರುವ ಸುಳಿವು ಸಿಕ್ಕಿದರೆ ಸಾಕು, ಆ ವಸ್ತ್ರ ಕೋಟೆಯ ಹೆಬ್ಬಾಗಿಲಿನಂತೆ ಮೂಗು ಬಾಯಿಗಳ ಮೇಲೆ ಧೊಪ್ಪನೆ ಬೀಳುತ್ತಿತ್ತು. ಏಕೆಂದರೆ ಅವಳ ನಗು ಲೋಕದ ನಗುವಿನಂತೆ ಹೊರಗೆ ಹೊರಡುತ್ತಿರಲಿಲ್ಲ; ಉಸಿರನ್ನು ಒಳಕ್ಕೆ ಸೆಳೆದು, ನಾಸಿಕವನ್ನೇ ಶಂಖವಾಗಿಸಿ, 'ಗೊರ್ರ್' ಎಂದು ದಿಕ್ತಟಗಳನ್ನು ನಡುಗಿಸುತ್ತಿತ್ತು. ಅಕ್ಕನ ನಿಶ್ಚಿತಾರ್ಥದ ಪಂಕ್ತಿಯಲ್ಲಿ ಅವಳು ಮನಸಾರೆ ನಕ್ಕಾಗ ಸೋದರಮಾವ ಎಲೆಯ ಮುಂದಿನಿಂದ ಎದ್ದು, "ಸಂಪು ಖಾಲಿಯಾಗಿ ಮೋಟ್ರು ಗಾಳಿ ಎಳೀತೈತಿ, ಆಫ್ ಮಾಡ್ರಲೇ" ಎಂದು ಸ್ವಿಚ್ಚಿನತ್ತ ಧಾವಿಸಿದ್ದ. ಬೀಗರ ಮನೆಯಲ್ಲಿ ಅವಳಿಗೆ ಅಂದಿನಿಂದ ಮೋಟ್ರು ಎಂದೇ ಬಿರುದು. ಅಂದೇ ಅವಳು ಕೈತೊಳೆಯುವ ನಲ್ಲಿಯನ್ನು ಸಾಕ್ಷಿಯಾಗಿಸಿ, ಸೂರ್ಯಚಂದ್ರರು ಉರುಳಿದರೂ ಯಾವ ಗಂಡಸಿನೆದುರಿಗೂ ಮೂಗುಬಿಟ್ಟು ನಗೆನು ಎಂದು ಭೀಷಣ ಪ್ರತಿಜ್ಞೆ ಮಾಡಿದ್ದಳು.

ಇಂಥವಳ ಮೇಲೆ ದಂಡೆತ್ತಿ ಬಂದವನು ಅದೇ ಕಾಲೇಜಿನ ಕೊಟ್ರೇಶ. ಹರಿಹರದ ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿತ್ಯ ದಿಗ್ವಿಜಯಗೈಯುವವನು. ಮೀಸೆಯ ಪೈರು ಅಲ್ಲಲ್ಲಿ ಮಾತ್ರ ಮೊಳೆತಿದ್ದರೂ ಅದನ್ನು ತಿರುವುವುದರಲ್ಲಿ ಜಿಪುಣತನ ತೋರದವನು. ಒಂದು ಸೋಮವಾರ ಅವನು ಗ್ರಂಥಾಲಯದ ಮೆಟ್ಟಿಲ ಬಳಿ ಅವಳನ್ನು ತಡೆದು, ಕಾಲಿನ ಹೆಬ್ಬೆರಳನ್ನೇ ನೋಡುತ್ತ, "ನಾಳೆ ಒಂದ್ ಪೇಪರ್ ಮಂಡಕ್ಕಿ ತಿನ್ನಣೇನ್ರೀ?" ಎಂದು ರಣಭೇರಿ ಮೊಳಗಿಸಿದ.

ಇದರ ಗಾಂಭೀರ್ಯವನ್ನು ಅರಿಯಬೇಕು. ಆ ಕಾಲೇಜಿನ ಕ್ಯಾಂಟೀನಿನಲ್ಲಿ ಮಂಡಕ್ಕಿಗೆ ತಟ್ಟೆಯಿಲ್ಲ. ಹಳೆಯ ಪತ್ರಿಕೆಯ ಹಾಳೆ ಹಾಸಿ ಸುರಿಯುವುದು. ಹುಡುಗರು ಹಾಳೆಗೊಂದು ಹಿಂಡು ಮುತ್ತಿದರೆ ಯಾರೂ ತಿರುಗಿ ನೋಡರು. ಆದರೆ ಒಬ್ಬ ಹುಡುಗ, ಒಬ್ಬ ಹುಡುಗಿ ಒಂದೇ ಹಾಳೆಗೆ ಕೈಯಿಟ್ಟರೋ, ಅದು ಸ್ವಯಂವರ. ಸಂಜೆಯೊಳಗೆ ಇಡೀ ಕಾಲೇಜು ಅವರನ್ನು 'ಒಂದೇ ಪೇಪರ್‌ನವರು' ಎಂದು ಘೋಷಿಸಿಬಿಡುತ್ತಿತ್ತು.

ದಾಕ್ಷಾಯಿಣಿಯ ಎದೆ ಕುಣಿಯಿತು; ಮೂಗು ನಡುಗಿತು. ಅವಳಿಗೂ ಕೊಟ್ರೇಶನೆಂದರೆ ಇಷ್ಟವೇ. ಆದರೆ ಬಾಯಿತುಂಬ ಮಂಡಕ್ಕಿಯಿರುವಾಗ ನಗು ಬಂದರೆ? ಸ್ಕೂಟಿಯೆಂಬ ರಥವನ್ನು ನಡೆಸುವ ಗೆಳತಿ ಶಾಹೀನ ಅಶೋಕಾ ರಸ್ತೆಯ ಸಿಗ್ನಲ್ಲಿನಲ್ಲಿ ರಥ ನಿಲ್ಲಿಸಿ, ಹಿಂದಿನ ಸೀಟಿನಲ್ಲಿ ಅಸ್ತ್ರತ್ಯಾಗ ಮಾಡಿ ಕುಳಿತವಳಿಗೆ ಉಪದೇಶಿಸಿದಳು: "ನಗು ಬಂದ್ರೆ ನಗೇ. ಅವ್ನೇನ್ ನಿನ್ ಮೂಗ್ನ ಮದ್ವಿ ಆಗ್ತಾನಾ?"

"ಮೂಗೂ ಜತಿಗೇ ಬರ್ತೈತಲ್ಲೇ" ಎಂದಳು ವೀರಾಂಗನೆ, ವಿಷಾದದಿಂದ.

ಮರುದಿನ ಮಧ್ಯಾಹ್ನ ಕ್ಯಾಂಟೀನಿನ ಸಿದ್ದಪ್ಪಣ್ಣ ಹಾಳೆ ಹಾಸಿದ. ಒಗ್ಗರಣೆಯ ಮಂಡಕ್ಕಿ ಹದಿನೆಂಟು ಅಕ್ಷೌಹಿಣಿಯಾಗಿ ಸುರಿಯಿತು. ಸುತ್ತ ಮಿರ್ಚಿಗಳು ಮದಗಜಗಳಂತೆ ನಿಂತವು. ಕೊಟ್ರೇಶ ಹಿಂದಿನ ವಾರವಿಡೀ ಹರಿತಗೊಳಿಸಿದ್ದ ಜೋಕುಗಳನ್ನು ಒಂದೊಂದಾಗಿ ಪ್ರಯೋಗಿಸಿದ. ಗಾಬರಿಯಲ್ಲಿ ಪ್ರತಿಯೊಂದರ ಕೊನೆಯನ್ನೂ ಮೊದಲೇ ಹೇಳಿಬಿಟ್ಟ. ದಾಕ್ಷಾಯಿಣಿಯಾದರೋ ಪ್ರಾಂಶುಪಾಲರ ಸ್ವಾತಂತ್ರ್ಯ ದಿನದ ಭಾಷಣವನ್ನು ಮನದಲ್ಲೇ ಪಠಿಸುತ್ತ, ಶಿಲಾಬಾಲಿಕೆಯಂತೆ ಕುಳಿತು ಶೇಂಗಾ ಆರಿಸುತ್ತಿದ್ದಳು.

ಅಸ್ತ್ರಗಳೆಲ್ಲ ವ್ಯರ್ಥವಾಗಲು ಅವನು ಕೊನೆಗೆ ಪೌರುಷಕ್ಕಿಳಿದ. "ನಮ್ ಮನ್ಯಾಗೆ ಮಿರ್ಚೀನ ಹಾಲು ಕುಡ್ದಂಗೆ ತಿಂತೀವ್ರೀ. ಖಾರ ಅಂದ್ರೆ ಏನಂತನೇ ನಂಗೆ ಗೊತ್ತಿಲ್ಲ" ಎಂದು ಗರ್ಜಿಸಿ, ಎಲ್ಲಕ್ಕಿಂತ ದೊಡ್ಡ ಮಿರ್ಚಿಯನ್ನು ತೊಟ್ಟಿನ ಸಮೇತ ಬಾಯಿಗಿಟ್ಟ. ಏನಂತ ಗೊತ್ತಾಯಿತು. ಮುಖ ಉದಯಸೂರ್ಯನಾಯಿತು, ಕಣ್ಣುಗಳಿಂದ ತುಂಗಭದ್ರೆ ಹರಿದಳು. ಆದರೂ ನೀರು ಕೇಳದೆ, ಬಿಕ್ಕಳಿಕೆಯ ನಡುನಡುವೆ, ಅವನು ಬಹುದಿನದಿಂದ ಎದೆಯಲ್ಲಿ ನಾಟಿದ್ದ ಬಾಣವನ್ನು ಹೊರತೆಗೆದ.

"ಒಂದ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ್ರಿ. ನೀವು ನನ್ನ ಕಂಡಾಗೆಲ್ಲ ಮೂಗು ಮುಚ್ಕಂತೀರಿ. ನಾನೇನ್ ವಾಸ್ನಿ ಬರ್ತೀನೇನ್ರೀ? ದಿನಾ ಎರಡ್ ಸಲ ಜಳಕ ಮಾಡ್ತೀನಿ, ನಮ್ಮವ್ವನಾಣೆ."

ಉತ್ತರ ಸಿಗದಿದ್ದರೆ ಎದ್ದು ಹೋಗಲು ಅವನ ಒಂದು ಕಾಲು ಆಗಲೇ ಬೆಂಚಿನಾಚೆಗಿತ್ತು. ಅಯ್ಯೋ ಪಾಪವೇ ಎಂದುಕೊಂಡಳು ದಾಕ್ಷಾಯಿಣಿ. ಆದರೆ ಎರಡು ಸಲದ ಜಳಕ ಪ್ರಾಂಶುಪಾಲರ ಭಾಷಣವನ್ನು ಭೇದಿಸಿ ಒಳನುಗ್ಗಿತು. ಎಡಗೈಯಲ್ಲಿ ಈರುಳ್ಳಿ, ಬಲಗೈಯಲ್ಲಿ ಎಣ್ಣೆ ಜಿನುಗುವ ಮಿರ್ಚಿ, ಬಾಯಿತುಂಬ ಮಂಡಕ್ಕಿ. ಕೋಟೆಯ ಬಾಗಿಲು ಹಾಕುವವರಿಲ್ಲ. ಆಗ ಎದ್ದಿತು ನೋಡಿ ಆ ನಾದ! ಒಳಕ್ಕೆ ಸೆಳೆದ ಉಸಿರು ಒಂದು ಮಂಡಕ್ಕಿಯನ್ನು ಮೂಗಿನ ಗುಹೆಯಲ್ಲಿ ಸೆರೆಯಿಟ್ಟಿತು. ಹಿಂದೆಯೇ ಬಂದ ಕೆಮ್ಮು ಉಳಿದ ಸೈನ್ಯವನ್ನು ಕೊಟ್ರೇಶನ ಹುಬ್ಬು, ಕಿವಿ, ಕ್ರಾಪುಗಳ ಮೇಲೆ ಪುಷ್ಪವೃಷ್ಟಿಯಾಗಿ ಸುರಿಸಿತು.

ಮೂರು ಲೋಕಗಳೂ ತನ್ನತ್ತ ತಿರುಗಿವೆಯೆಂದು ದಾಕ್ಷಾಯಿಣಿ ಕಣ್ಣು ಮುಚ್ಚಿದಳು. ತಿರುಗಿದವನು ಸಿದ್ದಪ್ಪಣ್ಣನೊಬ್ಬನೇ, ಅದೂ ಹಳೆಯ ಫ್ರಿಜ್ಜಿನತ್ತ. ಅದಕ್ಕೊಂದು ಒದೆ ಕೊಟ್ಟು ಮತ್ತೆ ಎಣ್ಣೆಯ ಕಡೆ ಹೋದ.

ಕೊಟ್ರೇಶ ಹುಬ್ಬಿನ ಮಂಡಕ್ಕಿಯನ್ನು ತೆಗೆದು ದಿಟ್ಟಿಸಿದ. "ಇದಕ್ಕಾ ನೀನು ಮುಚ್ಕಂತಿದ್ದಿದ್ದು?"

ಅವಳು ತಲೆಯಾಡಿಸಿದಳು.

"ಹಂಗಾರೆ ನಾನು ವಾಸ್ನಿ ಬರಲ್ಲ" ಎಂದು ಅವನು ದೀರ್ಘವಾಗಿ ಉಸಿರುಬಿಟ್ಟ. ಬೆಂಚಿನಾಚೆಗಿದ್ದ ಕಾಲು ಒಳಗೆ ಬಂತು. "ಇನ್ನೊಂದ್ ಜೋಕೈತಿ, ಹೇಳ್ಲಾ?"

"ತಡಿಯೋ, ಬಾಯಾಗಿಂದು ನುಂಗ್ತೀನಿ" ಎಂದಳು ದಾಕ್ಷಾಯಿಣಿ, ದುಪಟ್ಟಾವನ್ನು ಹೆಗಲ ಹಿಂದಕ್ಕೆ ಎಸೆದು.

ಹೀಗೆ ಮುಗಿದ ಮಹಾಸಮರದಲ್ಲಿ ಸೆರೆಸಿಕ್ಕಿದ್ದ ಆ ಏಕೈಕ ಯೋಧ ಬಿಡುಗಡೆಯಾದದ್ದು ಬಿಡುವಿನ ನಂತರದ ಸಂಖ್ಯಾಶಾಸ್ತ್ರದ ತರಗತಿಯಲ್ಲಿ. ಮೇಷ್ಟ್ರು ಹಾಜರಿ ಕೂಗುತ್ತ ಅವಳ ಹೆಸರಿಗೆ ಬಂದಾಗ ದಾಕ್ಷಾಯಿಣಿ ಒಂದು ಸೀನು ಸೀನಿದಳು. ಒದ್ದೆ ಮಂಡಕ್ಕಿಯೊಂದು ಡೆಸ್ಕಿನ ಮೇಲೆ ಬಂದು ಕೂತಿತು. ಮೇಷ್ಟ್ರು ತಲೆಯೆತ್ತದೆ ಹಾಜರಿ ಹಾಕಿಕೊಂಡು ಮುಂದಿನ ಹೆಸರು ಕೂಗಿದರು.