ತುಪ್ಪದ ಭರಣಿಯ ಮೇಲೊಂದು ಗೆರೆ

ಎಪ್ಪತ್ತನಾಲ್ಕು ಎಂಬ ಸಂಖ್ಯೆ ರಮ್ಯಶ್ರೀಯ ತಲೆಯಿಂದ ಇಳಿಯುತ್ತಲೇ ಇರಲಿಲ್ಲ. ಮೈಯಿಂದ ಇಳಿದಿದ್ದರೆ ತಲೆಯಿಂದಲೂ ಇಳಿಯುತ್ತಿತ್ತೇನೋ.

ಮಗಳು ಅಭಿಜ್ಞಾಗೆ ಆರು ತಿಂಗಳು ತುಂಬಿದಾಗ ಶಿರಸಿಯ ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದ್ದರು: "ಹಾಲೂಡಿಸೋ ತಾಯಿ ನೀವು. ಉಪವಾಸ ಗಿಪವಾಸ ಬೇಡ. ಎಣ್ಣೆ, ಸಿಹಿ ಕಡಿಮೆ ಮಾಡಿ, ದಿನಾ ಅರ್ಧ ತಾಸು ನಡೀರಿ. ತಿಂಗಳಿಗೆ ಅರ್ಧ ಕಿಲೋ ಇಳಿದರೂ ಸಾಕು. ಅವಸರ ಮಾಡಬೇಡಿ."

ಮೈಸೂರಿನಲ್ಲಿ ಓದಿ ಬೆಳೆದ ರಮ್ಯಶ್ರೀ ಇದನ್ನೆಲ್ಲ ಫೋನಿನಲ್ಲಿ ಬರೆದಿಟ್ಟುಕೊಂಡು ಚಾಚೂ ತಪ್ಪದೆ ಪಾಲಿಸಿದಳು. ಸೋಮವಾರಕ್ಕೊಮ್ಮೆ ತೂಕದ ಯಂತ್ರವನ್ನೂ ಏರಿದಳು. ಮೂರು ತಿಂಗಳು ಕಳೆಯಿತು. ಎಪ್ಪತ್ತನಾಲ್ಕು ಮಾತ್ರ ಕಲ್ಲಿನಲ್ಲಿ ಕೆತ್ತಿದ ಶಾಸನದಂತೆ ಹಾಗೇ ಇತ್ತು.

ಏರುವ ಕ್ರಮವೂ ಶಾಸ್ತ್ರೋಕ್ತವಾಗಿತ್ತು. ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಏರುವುದು, ಬಂದದ್ದರಲ್ಲಿ ಲಸಿಕೆ ಕಾರ್ಡಿನಲ್ಲಿದ್ದ ಮಗುವಿನ ಆರು ಕಿಲೋ ಎಂಟುನೂರು ಗ್ರಾಂ ಕಳೆಯುವುದು. ಮಗುವನ್ನು ಕೆಳಗಿಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. (ಇಳಿಸಿದರೆ ಅತ್ತೆ ಎತ್ತಿಕೊಳ್ಳುತ್ತಾರೆ. ಎತ್ತಿಕೊಂಡರೆ ಅದರ ನಾಲಿಗೆಗೆ ಜೇನೋ ಬೆಲ್ಲವೋ ಸವರಿಯೇ ತೀರುತ್ತಾರೆ ಎಂಬುದು ರಮ್ಯಶ್ರೀಯ ಅಚಲ ನಂಬಿಕೆ.)

ಅತ್ತೆ ಸಿದ್ದವ್ವ ಬನವಾಸಿ ರಸ್ತೆಯ ತಮ್ಮ ಶುಂಠಿ ಅಂಗಡಿಯಲ್ಲಿ ಮೂವತ್ತು ವರ್ಷ ತಕ್ಕಡಿ ಹಿಡಿದವರು. ಅಂಗಡಿ ಮಗ ಮಧುಕೇಶ್ವರನ ಕೈಗೆ ಬಂದ ಮೇಲೆ ಅವರು ಅಡುಗೆಮನೆಗೆ ವರ್ಗವಾಗಿದ್ದರು. ರಮ್ಯಶ್ರೀಯ ಸಂಶಯವೂ ಅವರ ಹಿಂದೆಯೇ ಅಲ್ಲಿಗೆ ವರ್ಗವಾಯಿತು.

"ಅತ್ತೆ, ರೊಟ್ಟಿ ಯಾಕೆ ಹೊಳೀತಿದೆ?"

"ಜೋಳ ಛಲೋ ಐತಿ."

"ಪಲ್ಯ?"

"ಬದನೀಕಾಯಿ ಹುಟ್ಟಾನ ಹೊಳಿತೈತವ್ವಾ."

ಅನುಮಾನವಿಲ್ಲ, ತುಪ್ಪ. ರಮ್ಯಶ್ರೀ ಯಾರೂ ಇಲ್ಲದಾಗ ತುಪ್ಪದ ಗಾಜಿನ ಭರಣಿಯ ಮೇಲೆ ಕಾಡಿಗೆ ಪೆನ್ಸಿಲ್ಲಿನಿಂದ ಸಣ್ಣದೊಂದು ಗೆರೆ ಎಳೆದಳು; ಅದು ಹೇಗೋ ಅಳಿಸಿಹೋದಾಗ ಅಲ್ಲೇ ಮತ್ತೆ ಎಳೆದಳು. ವಾರದಲ್ಲಿ ತುಪ್ಪ ಗೆರೆಯಿಂದ ಒಂದು ಬೆರಳು ಕೆಳಗಿಳಿದಿತ್ತು. ಈ ಮನೆಯಲ್ಲಿ ಇಳಿಯುತ್ತಿದ್ದುದು ಅದೊಂದೇ.

ಗಂಡನಿಗೆ ಹೇಳಿದರೆ ಅವನು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ, "ಶುಂಠಿ ಗಡಬಡಿಸಿ ಒಣಗಿಸಿದ್ರ ಒಳಗ ಹಸೀನ ಉಳಿತೈತಿ. ಸಾವಕಾಶ ಇಳೀಲಿ ಬಿಡು," ಎಂದ.

"ನಾನೇನು ಶುಂಠಿಯಾ?"

"ಅಲ್ಲಲ್ಲ. ಮೆಣಸಿನಕಾಯಿ," ಎಂದಿತು ಟವೆಲ್ಲಿನೊಳಗಿನ ದನಿ.

ಕೊನೆಗೆ ಅವಳೇ ಕೇಳಿಬಿಟ್ಟಳು: "ಅತ್ತೆ, ನನ್ನ ತಟ್ಟೆಗೆ ಗೊತ್ತಾಗದ ಹಾಗೆ ತುಪ್ಪ ಹಾಕ್ತಿದೀರಾ?"

ಸಿದ್ದವ್ವ ದನಿ ಏರಿಸಲಿಲ್ಲ. "ಭರಣಿಗೆ ಗೆರಿ ಎಳದಾಕಿ ನೀನ ಏನು? ನಾ ಇರಿವಿ ಸಾಲು ಅಂತ ಎರಡ ಸಲ ಒರಸೀನಿ," ಎಂದರು. "ನಿನ್ನ ತಾಟಿಗೆ ಒಂದ ಹನಿ ಹಾಕಿಲ್ಲ. ನಂಬಿಕಿ ಇಲ್ಲದ ಮನ್ಯಾಗ ಒಲಿ ಹಚ್ಚಬಾರದು."

ಮರುದಿನ ಬೆಳಿಗ್ಗೆ ಯಲ್ಲಾಪುರದ ಬಸ್ಸು ಹತ್ತಿ ಮಗಳು ಗಂಗಾಂಬಿಕಾಳ ಮನೆಗೆ ಹೊರಟೇಬಿಟ್ಟರು. ಕೈಯಲ್ಲಿ ಬಟ್ಟೆಯ ಗಂಟು, ಕಂಕುಳಲ್ಲಿ ಭರಣಿ. "ಕಳ್ಳಿ ಹೋದಮ್ಯಾಲೆ ಕಳವಿನ ಮಾಲು ಇಲ್ಲ್ಯಾಕ?"

ಮಗು ಹೊತ್ತುಕೊಂಡು ರೊಟ್ಟಿ ಬಡಿಯಲಾಗುತ್ತದೆಯೇ? ಮಧುಕೇಶ್ವರ ಸಂಜೆಗೊಮ್ಮೆ ಮಿರ್ಚಿ ಭಜ್ಜಿಯನ್ನೂ ಪರೋಟವನ್ನೂ ಕಟ್ಟಿಸಿಕೊಂಡು ಬಂದ. ರಮ್ಯಶ್ರೀ ಸೋಮವಾರ ರೂಢಿಯಂತೆ ಮಗುವಿನ ಸಮೇತ ವಿಜಯೋತ್ಸಾಹದಿಂದ ಯಂತ್ರ ಏರಿದಳು. ಎಂಬತ್ತು ಕಿಲೋ ಎಂಟುನೂರು. ಆರು ಎಂಟುನೂರು ಕಳೆದರೆ ಎಪ್ಪತ್ತನಾಲ್ಕು. ಅತ್ತೆ ಇಲ್ಲ, ಭರಣಿ ಇಲ್ಲ, ಆದರೂ ಎಪ್ಪತ್ತನಾಲ್ಕು. ನಿರಾಶ್ರಿತವಾದ ಸಂಶಯ ತಾತ್ಕಾಲಿಕವಾಗಿ ಗಂಡನ ಮೇಲೆ ಹೋಗಿ ಕೂತಿತು.

ಅದೇ ವಾರ ಮಗುವಿಗೆ ಒಂಬತ್ತು ತಿಂಗಳ ಲಸಿಕೆ. ನರ್ಸ್ ಉಜ್ಮಾ ಅಭಿಜ್ಞಾಳನ್ನು ತೂಗುಬುಟ್ಟಿಯಲ್ಲಿ ಕೂರಿಸಿ, "ಎಂಟು ಕಿಲೋ ಮುನ್ನೂರು. ಚಲೋ ಬೆಳದದೆ. ಗಂಜಿಗೆ ತುಪ್ಪ ತಪ್ಪಿಸಲಿಲ್ಲ ಅಂತಾಯ್ತು," ಎಂದಳು.

"ತುಪ್ಪವೇ? ಯಾರು ಹಾಕಿದ್ದು?"

"ನಿಮ್ಮ ಅತ್ತೆ ಹಾಕ್ತಿರಬೇಕು. ಹೋದ ಸಲ ಅವರಿಗೂ ಹೇಳಿ ಕಾರ್ಡಿನ ಹಿಂದೆ ಬರೆದುಕೊಟ್ಟಿದ್ದೆನಲ್ರಿ, ದಿನಾ ಒಂದು ಚಮಚ ಹಾಕಿ ಅಂತ. ನೀವು ಓದಲಿಲ್ವಾ?"

ಕಾರ್ಡಿನ ಮುಂಭಾಗವನ್ನು ಪ್ರತಿ ಸೋಮವಾರ ಪಾರಾಯಣ ಮಾಡಿದವಳು ಹಿಂಭಾಗವನ್ನು ಒಮ್ಮೆಯೂ ತಿರುವಿರಲಿಲ್ಲ. ರಮ್ಯಶ್ರೀಯ ಕಿವಿಯಲ್ಲಿ ಎಂಟು ಮುನ್ನೂರು, ಎಂಟು ಮುನ್ನೂರು ಎಂದು ಗಂಟೆ ಬಾರಿಸತೊಡಗಿತು. ಮಗುವನ್ನು ಉಜ್ಮಾಳ ಕೈಗೆ ಕೊಟ್ಟು, ಮೂರು ತಿಂಗಳಲ್ಲಿ ಮೊದಲ ಬಾರಿಗೆ ಒಬ್ಬಳೇ ತೂಕದ ಯಂತ್ರ ಏರಿದಳು.

ಎಪ್ಪತ್ತೆರಡೂವರೆ.

ಇವಳು ಇಳಿದದ್ದು ಒಂದೂವರೆ ಕಿಲೋ. ಸೊಂಟದ ಮೇಲಿದ್ದವಳು ಏರಿದ್ದೂ ಒಂದೂವರೆ ಕಿಲೋ. ಡಾಕ್ಟರಮ್ಮ ಹೇಳಿದ ವೇಗದಲ್ಲೇ ಎಲ್ಲವೂ ನಡೆದಿತ್ತು, ಅತ್ತೆ ಯಲ್ಲಾಪುರಕ್ಕೆ ಹೋದದ್ದೊಂದನ್ನು ಬಿಟ್ಟು.

ಮನೆಗೆ ಬಂದು ಫೋನು ಎತ್ತಿದಳು, ಇಟ್ಟಳು. ಮಗುವಿಗೆ ಗಂಜಿ ಕುಡಿಸಿದಳು. ಮತ್ತೆ ಎತ್ತಿ, ಇಟ್ಟಳು. ಗೌರವಯುತವಾದ ನಾಲ್ಕು ವಾಕ್ಯಗಳ ಕ್ಷಮಾಯಾಚನೆಯೊಂದನ್ನು ಬಾಯಿಪಾಠ ಮಾಡಿಕೊಂಡು ಕೊನೆಗೂ ನಂಬರು ಒತ್ತಿದಳು.

"ಅತ್ತೆ, ನಾನು."

"ಹೇಳ್ರಿ ಸಾಹೇಬ್ರ."

ನಾಲ್ಕೂ ವಾಕ್ಯಗಳು ಓಡಿಹೋದವು. "ಅಭಿಜ್ಞಾ ಎಂಟು ಮುನ್ನೂರು ಆಗಿದಾಳೆ. ನಾನು ಎಪ್ಪತ್ತೆರಡೂವರೆ. ನಾನು ಇಷ್ಟು ದಿನ ಅವಳ ಹಳೇ ತೂಕಾನೇ ಕಳೀತಿದ್ದೆ."



"ಮಾಲು ತೂಗಿದಾಗೊಮ್ಮೆ ಚೀಲಾನೂ ತೂಗಿ ಕಳೀಬೇಕವ್ವಾ. ಅದರಾಗ ನಿಂದು ದಿನಾ ಗಂಜಿ ಕುಡಿಯೂ ಚೀಲ."

"ತಪ್ಪಾಯ್ತು ಅತ್ತೆ."

"ಇರಲಿ. ಒಂಬತ್ತು ದಿವಸ ಏನ್ ತಿಂದ್ರಿ?"

ರಮ್ಯಶ್ರೀ ಮೇಜಿನ ಮೇಲಿದ್ದ ಎಣ್ಣೆ ಕುಡಿದ ಕಾಗದವನ್ನು ನೋಡಿದಳು. "ಏನೋ, ಹಗುರವಾಗಿ."

"ಹೌದೌದು, ಮಧು ಹೇಳ್ಯಾನ. ಮಿರ್ಚಿ ಭಾಳ ಹಗುರ." ಸಿದ್ದವ್ವ ಕೆಮ್ಮಿದರು. "ನಾಳೆ ಹತ್ತರ ಬಸ್ಸಿಗೆ ಬರ್ತೇನಿ. ಸ್ಟ್ಯಾಂಡಿಗೆ ಬಾ."

"ಆಟೋ ಮಾಡ್ಕೊಂಡು ಬರ್ತೀನಿ ಅತ್ತೆ."

"ನಡಕೋತ ಬಾ. ಅರ್ಧ ತಾಸು ನಡಿ ಅಂತ ಡಾಕ್ಟರಮ್ಮ ಹೇಳ್ಯಾಳಲ್ಲ. ಸಾವಕಾಶ ಬಾ, ಅವಸರ ಇಲ್ಲ." ಆಮೇಲೆ ದನಿ ತುಸು ತಗ್ಗಿತು. "ಮತ್ತ, ಚೀಲ ತರೂದು ಮರೀಬ್ಯಾಡ. ನೋಡದ ಒಂಬತ್ತು ದಿವಸ ಆತು."