ಬೆನ್ನ ಮೇಲಿನ ಅಂಗೈ

ಎಲ್ಲ ಎಡವಟ್ಟಿಗೂ ಮೂಲ ಒಂದು ಸೂಟ್‌ಕೇಸು.

ದ್ವೀಪದ ದೋಣಿಕಟ್ಟೆಯಲ್ಲಿ ಇಬ್ಬರು ಕೂಲಿಗಳು ನಿಂತಿದ್ದರು. ಒಬ್ಬ ದೋಣಿ ದಡ ಮುಟ್ಟುವ ಮೊದಲೇ ಓಡಿ ಬಂದ. ಇನ್ನೊಬ್ಬ ಕಂಬಕ್ಕೊರಗಿ, ಗಂಟಲೊಳಗಿನ ಕಿರುನಾಲಗೆ ಕಾಣುವಂತೆ ಆಕಳಿಸುತ್ತಿದ್ದ. ಓಡಿ ಬಂದವನನ್ನು ಕಂಡರೆ ಅನುಮಾನ ಪಡುವುದು ವಿಮಾ ಕಚೇರಿಯವರಿಗೆ ರಕ್ತಗತ. ಹಾಗಾಗಿ ನಮ್ಮ ಗುಮಾಸ್ತ ಆಕಳಿಸುವವನ ಕೈಗೇ ಸೂಟ್‌ಕೇಸು ಕೊಟ್ಟ. ಆಕಳಿಸುವವನು ಅದನ್ನು ಹೊತ್ತುಕೊಂಡು ಹೋಗಿ ಬೇರೆ ಯಾವುದೋ ದೋಣಿಯಲ್ಲಿಟ್ಟು, ಮತ್ತೆ ಕಂಬಕ್ಕೆ ಬಂದು ಆಕಳಿಕೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದ. ಆ ದೋಣಿ ಇನ್ನೊಂದು ದ್ವೀಪಕ್ಕೆ ಹೊರಟುಹೋಯಿತು. ಹೆಂಡತಿಯ ಹೊಸ ಬಟ್ಟೆಗಳು, ಟವೆಲ್ಲು, ಬಿಸಿಲಿಗೆ ಹಚ್ಚುವ ಲೋಷನ್ನು ಎಲ್ಲವೂ ಅಲ್ಲಿ ತಮ್ಮ ಪಾಡಿಗೆ ತಾವು ರಜೆ ಕಳೆಯತೊಡಗಿದವು.

"ಇಬ್ಬರಲ್ಲಿ ಒಬ್ಬನ್ನ ಆರಿಸಿ ಅಂದ್ರೆ, ಕರೆಕ್ಟಾಗಿ ಬೆಪ್ಪನ್ನೇ ಹುಡುಕ್ತೀರಲ್ರೀ!" ಎಂದಳು ಹೆಂಡತಿ. "ನಿಮ್ಮನ್ನ ಆರಿಸುವಾಗ ನಮ್ಮಪ್ಪನೂ ಹೀಗೇ ಆಕಳಿಸ್ತಿದ್ರೋ ಏನೋ."

ಅದು ಅವಳ ಕೊನೆಯ ಮಾತು. ಆಮೇಲೆ ಅವಳು ಗಂಡನೊಡನೆ ಮಾತು ಬಿಟ್ಟಳು. ಅವಳ ಮೌನ ತಪಸ್ವಿಗಳ ಮೌನದಂತಲ್ಲ. ಪಾತ್ರೆ, ಬಾಗಿಲು, ಕುರ್ಚಿ, ಎಲ್ಲವೂ ಅವಳ ಪರವಾಗಿ ಮಾತಾಡುತ್ತಿದ್ದವು.

ಕಚೇರಿಯಲ್ಲಿ ಈ ಗುಮಾಸ್ತನಿಗೆ ಸರಿಸಾರ್ ಎಂದು ಹೆಸರು. ಮ್ಯಾನೇಜರು ಏನೇ ಹೇಳಲಿ, "ಸರಿ ಸಾರ್" ಎನ್ನುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ಮ್ಯಾನೇಜರೇ ಈಗ ಇಡೀ ಶಾಖೆಯನ್ನು ದಂಪತಿ ಸಮೇತ ಸಮುದ್ರತೀರಕ್ಕೆ ಹೊರಡಿಸಿ ತಂದಿದ್ದರು. ವಿಹಾರ ಎನ್ನುವುದು ನೆಪ. ಉಪ ಮ್ಯಾನೇಜರ್ ಕುರ್ಚಿ ಖಾಲಿಯಿತ್ತು. ಅದರ ಮೇಲೆ ಕಣ್ಣಿಟ್ಟವರು ಇಬ್ಬರು. ಒಬ್ಬ ಸರಿಸಾರ್. ಇನ್ನೊಬ್ಬ ತನಿಖೆ ವಿಭಾಗದ ಹದ್ದು. ಸುಟ್ಟ ಅಂಗಡಿಯ ಬೂದಿ ನೋಡಿ ಬೆಂಕಿಕಡ್ಡಿ ಗೀರಿದವನು ಎಡಚನೋ ಬಲಚನೋ ಹೇಳುವಷ್ಟು ಚುರುಕಿನವನು ಎಂದು ಅವನ ಖ್ಯಾತಿ. ಆ ಖ್ಯಾತಿಯನ್ನು ಹಬ್ಬಿಸಿದವನೂ ಅವನೇ.

"ಮನೆ ನೆಟ್ಟಗಿಟ್ಟುಕೊಂಡವನು ಶಾಖೆ ನೆಟ್ಟಗಿಟ್ಟುಕೊಳ್ತಾನೆ" ಎನ್ನುವುದು ಮ್ಯಾನೇಜರ ಸಿದ್ಧಾಂತ. ಯಾರ ಮನೆ ನೆಟ್ಟಗಿದೆಯೆಂದು ನಾಲ್ಕು ದಿನ ಹತ್ತಿರದಿಂದ ನೋಡಿ, ಇಂದು ಸಂಜೆಯ ಚಹಾದ ಹೊತ್ತಿಗೆ ಹೆಸರು ಹೇಳುವುದೆಂದು ನಿಶ್ಚಯವಾಗಿತ್ತು. ಮ್ಯಾನೇಜರ ಮನೆ ಎಷ್ಟು ನೆಟ್ಟಗಿತ್ತೆಂದರೆ, ಕಚೇರಿಯ ನಿರ್ಧಾರಗಳೆಲ್ಲ ಅಲ್ಲಿಂದಲೇ ಬರುತ್ತಿದ್ದವು.

ಬೆಳಿಗ್ಗೆ ಗಂಡಸರೆಲ್ಲ ಮರಳಿನ ಮೇಲೆ ಬೋರಲು ಬಿದ್ದುಕೊಂಡರು. ಎಲ್ಲರಿಗೂ ಕಂಪನಿ ಕೊಟ್ಟ ಒಂದೇ ತರಹದ ಹೂವಿನ ಚಡ್ಡಿ, ಒಂದೇ ತರಹದ ಹುಲ್ಲಿನ ಟೋಪಿ. ಸರಿಸಾರ್ ಟೋಪಿಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, ಹೆಂಡತಿಯ ಮೌನದ ಬಗ್ಗೆ ಚಿಂತಿಸುತ್ತ ಚಿಂತಿಸುತ್ತ ಕುಂಭಕರ್ಣನಿಗೆ ತಮ್ಮನಾದ.

ಅರೆನಿದ್ದೆಯಲ್ಲಿ ಬೆನ್ನ ನಟ್ಟನಡುವೆ ತಣ್ಣಗೆ ಏನೋ ಬಿತ್ತು. ಒಂದು ಅಂಗೈ! ಅಂಗೈ ತುಂಬ ಲೋಷನ್ನು! ಅಲೆಗಳ ಸದ್ದಿನ ನಡುವೆ, ಟೋಪಿಯ ಹೊರಗಿನಿಂದ ಪಿಸುಮಾತು ಕೇಳಿಸಿತು:

"ರೀ, ಒಂದೇ ಸಲ ಹೇಳ್ತೀನಿ, ಕೇಳಿ. ಆ ಬೆಪ್ಪನಿಗೆ ಮಾತ್ರ ಕೊಡ್ಬೇಡಿ. ಚುರುಕಾಗಿರೋನಿಗೆ ಕೊಡಿ. ತಿಳೀತಾ?"

"ಹ್ಞೂಂ" ಎಂದ ಸರಿಸಾರ್ ಟೋಪಿಯೊಳಗಿನಿಂದ.

ಅಷ್ಟರಲ್ಲಿ ಹೆಂಗಸರ ದೋಣಿವಿಹಾರಕ್ಕೆ ಸೀಟಿ ಊದಿದರು. ಕೈ ಲೋಷನ್ನನ್ನು ಹರಡದೆ, ಒತ್ತಿದಲ್ಲೇ ಬಿಟ್ಟು ಓಡಿತು.

ಸರಿಸಾರ್‌ನ ಕಣ್ಣು ತುಂಬಿ ಬಂತು. ಇನ್ನೂ ಸೂಟ್‌ಕೇಸಿನ ಕೋಪವೇ, ಪಾಪ! ಇನ್ನು ಮೇಲೆ ಚುರುಕಿನ ಕೂಲಿಗೇ ಕೊಡುತ್ತೇನೆ ಮಾರಾಯ್ತಿ, ಎಂದುಕೊಂಡ. ತಮ್ಮ ಲೋಷನ್ನು ಇನ್ನೊಂದು ದ್ವೀಪದಲ್ಲಿದ್ದರೂ ಯಾರನ್ನೋ ಕೇಳಿ ತಂದು ಹಚ್ಚಿದ್ದಾಳೆಂದರೆ ಪ್ರೀತಿ ಇನ್ನು ಹೇಗಿರಬೇಕು? ಆ ನೆಮ್ಮದಿಯಲ್ಲಿ ಅವನು ಸೂರ್ಯ ನೆತ್ತಿಗೆ ಬರುವ ತನಕ ನಿದ್ದೆ ಹೊಡೆದ.

ಎದ್ದಾಗ ಬೆನ್ನು ಕಾದ ಕಾವಲಿಯಾಗಿತ್ತು. ಅಂಗಿ ತೊಡಲು ಹೋದರೆ ಅಂಗಿಯೇ ಕಚ್ಚಿದಂತಾಯಿತು. ಬೇರೆ ದಾರಿಯಿಲ್ಲದೆ ಬರಿಮೈಯಲ್ಲೇ ಊಟದ ಮನೆಗೆ ನಡೆದ. ದಾರಿಯಲ್ಲಿ ಮ್ಯಾನೇಜರೂ ಬರಿಮೈಯಲ್ಲಿ ಬರುತ್ತಿದ್ದರು. ಅವರ ಬೆನ್ನು ಒಂದಿಂಚೂ ಬಿಡದೆ ಟೊಮೇಟೊ ಬಣ್ಣಕ್ಕೆ ತಿರುಗಿತ್ತು.

"ಹೆಂಡ್ತಿ ಕೈಯಾರೆ ಹಚ್ಚಿದ್ದೀನಿ ಅಂತಾಳೆ ಕಣಯ್ಯಾ. ನೋಡು ಗತಿ! ಲೋಷನ್ನೇ ನಕಲಿ."

"ಸರಿ ಸಾರ್."

"ಉರಿ ಎಷ್ಟಿದೆ ಅಂದ್ರೆ, ಯಾವಾಗ ಹಚ್ಚಿದ್ಳು ಅನ್ನೋದೂ ನೆನಪಾಗ್ತಿಲ್ಲ."

ಅವರ ಹಿಂದೆ ಅವರ ಶ್ರೀಮತಿಯವರು ಬರುತ್ತಿದ್ದರು. ನಿನ್ನೆ ಒಂದು ಅಲೆ ಅವರ ಕನ್ನಡಕವನ್ನು ಎತ್ತಿಕೊಂಡು ಹೋಗಿತ್ತು. ಅಂದಿನಿಂದ ಅವರು ಲೋಕವನ್ನು ಅಂದಾಜಿನ ಮೇಲೆ ನಡೆಸುತ್ತಿದ್ದರು. ದಾರಿಗಡ್ಡವಾಗಿದ್ದ ತೆಂಗಿನ ಮರಕ್ಕೆ, "ಸ್ವಲ್ಪ ಸರೀರಿ, ಎಷ್ಟೊತ್ತು ನಿಲ್ತೀರಿ?" ಎಂದರು. ಮರ ಸರಿಯದಿದ್ದಾಗ, "ಈ ಆಫೀಸಿನವರಿಗೆ ಮರ್ಯಾದೆನೇ ಇಲ್ಲ" ಎಂದು ಬಳಸಿಕೊಂಡು ಹೋದರು.

ಊಟದ ಮನೆಯಲ್ಲಿ ಸರಿಸಾರ್ ತಟ್ಟೆ ಹಿಡಿದು ಸಾಲಿನಲ್ಲಿ ನಿಂತದ್ದೇ ಹಿಂದಿನ ಮಾತೆಲ್ಲ ನಿಂತುಹೋಯಿತು. ತಿರುಗಿ ನೋಡಿದರೆ ಎಲ್ಲರ ಮುಖದಲ್ಲೂ ಸಾವಿನ ಮನೆಗೆ ಬಂದವರ ಕಳೆ. ಟೈಪಿಸ್ಟಕ್ಕ ತನ್ನ ತಟ್ಟೆಯ ಅನಾನಸನ್ನು ಅವನ ತಟ್ಟೆಗೆ ಹಾಕಿದಳು.

"ತಿನ್ನಿ ಅಣ್ಣಾ. ಮನಸ್ಸಿಗೆ ಹಚ್ಕೋಬೇಡಿ. ಕೆಲವರ ಮನೇಲಿ ಇದಕ್ಕಿಂತ ಜೋರು."

"ಏನು ಜೋರು?"

ಹದ್ದು ಅವನ ಬೆನ್ನ ಹಿಂದೆ ಬಗ್ಗಿ, ಅಪಘಾತದ ಕಾರನ್ನು ನೋಡುವಂತೆ ನೋಡುತ್ತಿದ್ದ. "ಐದೂ ಬೆರಳು ಮೂಡಿವೆಯಲ್ಲಪ್ಪಾ! ಸುತ್ತ ಕೆಂಪು, ನಡುವೆ ಬಿಳಿ ಅಂಗೈ. ಪೂರ್ತಿ ತೋಳು ಬೀಸಿ ಹೊಡೆದಿದ್ದಾರೆ."

"ಅಯ್ಯೋ, ಹೊಡೆತ ಅಲ್ವೋ! ಅದು ಲೋಷನ್ನು! ಹಚ್ಚಿದ ಕಡೆ ಬಿಸಿಲು ತಾಗಿಲ್ಲ, ಅಷ್ಟೆ. ಹೊಡೆದ್ರೆ ಕೆಂಪಗಾಗಲ್ವಾ?"

"ಸಣ್ಣ ಏಟಿಗೆ ಕೆಂಪು. ಇಂಥಾ ಏಟಿಗೆ ಆ ಜಾಗದ ರಕ್ತ ಹೆದರಿ ಓಡಿಹೋಗುತ್ತೆ" ಎಂದ ಹದ್ದು. ಅವನು ಹೇಳಿದ ಮೇಲೆ ಅಪೀಲಿಲ್ಲ. "ಲೋಷನ್ನು ಯಾರಾದ್ರೂ ಒಂದೇ ಕಡೆ ಒತ್ತಿ ಹೋಗ್ತಾರಾ? ನಿಮ್ಮ ಲೋಷನ್ನು ಸೂಟ್‌ಕೇಸಲ್ಲಿ ಹೋಯ್ತು ಅಂತ ನಿನ್ನೆ ನೀನೇ ಗೋಳಾಡಿದೆಯಲ್ಲ?"

ಎಲ್ಲರಿಗಿಂತ ಕೊನೆಗೆ ಊಟಕ್ಕೆ ಬಂದ ಹೆಂಡತಿಯನ್ನು ಹೆಂಗಸರು ಮುತ್ತಿಕೊಂಡರು. "ನಿಜವೇನ್ರೀ? ಅವರ ಬೆನ್ನು..."

ಮಾತು ಬಿಟ್ಟ ಗಂಡನ ಬೆನ್ನಿನ ಬಗ್ಗೆ ಅವಳಿಗೇನು ಆಸಕ್ತಿ? ತಿರುಗಿಯೂ ನೋಡದೆ, "ಅವರ ಬೆನ್ನು, ಅವರ ಕರ್ಮ. ನನ್ನನ್ನೇನು ಕೇಳ್ತೀರಿ?" ಎಂದಳು.

ಇದಕ್ಕಿಂತ ಸ್ಪಷ್ಟವಾದ ತಪ್ಪೊಪ್ಪಿಗೆ ವಿಮಾ ಕಚೇರಿಯವರು ಕೇಳಿರಲಿಲ್ಲ. ತಕ್ಷಣ ಅವಳಿಗೆ ನೆರಳಿನಲ್ಲಿ ಮೆತ್ತೆಯ ಕುರ್ಚಿ ಸಿಕ್ಕಿತು. ಎಳನೀರು ಬಂತು. ಒಬ್ಬಾಕೆ ಬೀಸಣಿಗೆ ಹಿಡಿದಳು. ಇನ್ನೊಬ್ಬಾಕೆ, "ಎಷ್ಟು ತೆಳ್ಳಗಿನ ಕೈ, ಎಷ್ಟು ಶಕ್ತಿ!" ಎಂದು ಉದ್ಗರಿಸಿದಳು. ಈ ಉಪಚಾರ ಯಾಕೆಂದು ಹೆಂಡತಿಗೆ ಪೂರ್ತಿ ಅರ್ಥವಾಗದಿದ್ದರೂ, ಕುರ್ಚಿ ಮೆತ್ತಗಿತ್ತು. ಅವಳು ವಿಚಾರಿಸಲು ಹೋಗಲಿಲ್ಲ.

ಸರಿಸಾರ್ ಹೆಂಡತಿಯ ಬಾಯಿಂದಲೇ ಸತ್ಯ ಹೇಳಿಸಲು ಓಡಿದ. ಟೈಪಿಸ್ಟಕ್ಕ ಅಡ್ಡ ನಿಂತಳು.

"ಬೇಡಿ ಅಣ್ಣಾ, ಈಗ ಹತ್ರ ಹೋಗ್ಬೇಡಿ. ಇರೋದು ಒಂದೇ ಬೆನ್ನು ನಿಮಗೆ."

ಹೀಗೆ ಸಂಜೆಯಾಯಿತು. ಮರಳಿನ ಮೇಲೆ ಮೇಜು ಹಾಕಿ ಚಹಾ ಇಟ್ಟರು. ಮ್ಯಾನೇಜರು ಎದ್ದು ನಿಂತರು. ಕೂರಲು ಹೇಗೂ ಆಗುತ್ತಿರಲಿಲ್ಲ.

"ನೋಡ್ರಯ್ಯಾ, ಪ್ರತಿ ಸಲ ಇಂಥ ವಿಷಯದಲ್ಲಿ ನಮ್ಮ ಮನೆಯವಳು ಒಂದು ಮಾತು ಹೇಳ್ತಾಳೆ. ಈ ಸಲ ಯಾಕೋ ಹೇಳಲಿಲ್ಲ. ಹಾಗಾಗಿ ಸ್ವಂತ ಬುದ್ಧಿ ಓಡಿಸಿದೆ."

ಮೇಜಿನ ಆ ತುದಿಯಲ್ಲಿ, ಬಿಸ್ಕತ್ತೆಂದು ತಿಳಿದು ಕಪ್ಪೆಚಿಪ್ಪೊಂದನ್ನು ಚಹಾದಲ್ಲಿ ಅದ್ದುತ್ತಿದ್ದ ಶ್ರೀಮತಿಯವರಿಗೆ ಇದು ಕೇಳಿಸಲಿಲ್ಲ.

"ನನ್ನ ಮನಸ್ಸಲ್ಲಿರೋ ಹೆಸರು ಸರಿಸಾರ್. ಆದರೆ ಏನಯ್ಯಾ ಇದು, ಬೆನ್ನ ಮೇಲೆ? ಹೆಂಡತಿ ಕೈಲಿ ಏಟು ತಿನ್ನೋನಿಗೆ ಶಾಖೆಯವರು ಬೆಲೆ ಕೊಡ್ತಾರಾ? ಇದಕ್ಕೊಂದು ಸಮಜಾಯಿಷಿ ಕೊಡು, ಕುರ್ಚಿ ನಿನ್ನದು. ಇಲ್ಲಾಂದ್ರೆ ಹದ್ದಿಗೆ."

ಸರಿಸಾರ್ ಜೀವಮಾನದಲ್ಲಿ ಮೊದಲ ಸಲ "ಸರಿ ಸಾರ್" ಎನ್ನಲಿಲ್ಲ. ಎದೆಯುಬ್ಬಿಸಿದ, ಬೆನ್ನು ಚುರುಗುಟ್ಟಿತು.

"ಸಾರ್, ಇದು ಏಟಲ್ಲ, ಪ್ರೀತಿ! ನನ್ನ ಹೆಂಡತಿ ಬೆಳಿಗ್ಗೆ ನಾನು ಮಲಗಿದ್ದಾಗ ಬಂದು, ತನ್ನ ಕೈಯಾರೆ ಲೋಷನ್ನು ಹಚ್ಚಿದ್ದಾಳೆ. ಕಿವಿಮಾತೂ ಹೇಳಿದ್ದಾಳೆ. ಬೇಕಾದ್ರೆ ಅವಳ ಕೈ ಇಟ್ಟು ನೋಡಿ. ಬೀಗಕ್ಕೆ ಕೀಲಿಕೈ ಹಾಗೆ ಕೂರುತ್ತೆ!"

ಎಲ್ಲರ ಕತ್ತೂ ಮೆತ್ತೆಯ ಕುರ್ಚಿಯ ಕಡೆ ತಿರುಗಿತು. ಹೆಂಡತಿ ಎಳನೀರು ಕೆಳಗಿಟ್ಟಳು. ನಿಧಾನವಾಗಿ ಬಂದಳು. ಬೆನ್ನನ್ನು ಮೊದಲ ಸಲ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಅಂಗೈಯನ್ನು ಆ ಬಿಳಿ ಗುರುತಿನ ಮೇಲಿಟ್ಟಳು.

ಅಪ್ಪನ ಚಪ್ಪಲಿಯೊಳಗೆ ಮಗುವಿನ ಪಾದ ಇಟ್ಟಂತಾಯಿತು. ಸುತ್ತ ಎಲ್ಲ ಕಡೆಯೂ ಬಿಳಿ ಉಳಿಯಿತು.

"ನಾನು ನಿಮ್ಮ ಬೆನ್ನು ಮುಟ್ಟೇ ಇಲ್ಲ" ಎಂದಳು ಹೆಂಡತಿ, ತಣ್ಣಗೆ. "ಯಾರ ಪ್ರೀತಿ ಇದು?"

ಹದ್ದಿಗೆ ಇಂಥ ಪ್ರಕರಣ ಕೆಲಸಕ್ಕೆ ಸೇರಿದಂದಿನಿಂದ ಸಿಕ್ಕಿರಲಿಲ್ಲ. ಮೊಣಕಾಲೂರಿ ಕುಳಿತು ಓದಿದ: "ದೊಡ್ಡ ಅಂಗೈ. ಬಲಗೈ. ಉಂಗುರ ಎರಡು. ಕಿರುಬೆರಳು... ಕಿರುಬೆರಳು ಹೊರಕ್ಕೆ ಸೊಟ್ಟ."

ಸೊಟ್ಟ ಕಿರುಬೆರಳು ಆ ಶಾಖೆಯಲ್ಲಿ ಯಾರಿಗೆ ಗೊತ್ತಿಲ್ಲ? ಪ್ರತಿ ವರ್ಷ ಕಚೇರಿಯ ಬಹುಮಾನಗಳನ್ನೆಲ್ಲ ವಿತರಿಸುವುದು ಅದೇ ಕೈ. ಕಾರಿನ ಬಾಗಿಲಿಗೆ ಸಿಕ್ಕಿ ಸೊಟ್ಟಗಾದ ಆ ಬೆರಳು ಈಗ ಮೇಜಿನ ತುದಿಯಲ್ಲಿ, ಚಹಾ ಕಪ್ಪಿನ ಪಕ್ಕದಲ್ಲಿ, ಆಕಾಶ ತೋರಿಸುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಅತ್ತ ನೋಡಿದರು. ಹದ್ದು ಮಾತ್ರ ತಾನು ಓದಿದ್ದನ್ನು ಮತ್ತೆ ಬಾಯೊಳಗೆ ಹಾಕಿಕೊಳ್ಳಲು ಒದ್ದಾಡಿದ.

"ಏನು ಗಲಾಟೆ?" ಎಂದು ಶ್ರೀಮತಿಯವರು ಎದ್ದು ಬಂದರು. ಮೂಗು ತಾಗುವಷ್ಟು ಬಗ್ಗಿ ಬೆನ್ನು ನೋಡಿದರು. ಕೈ ಇಟ್ಟರು. ಬೀಗಕ್ಕೆ ಕೀಲಿಕೈಯಂತೆ ಕುಳಿತಿತು.

"ಹೌದು, ನಂದೇ" ಎಂದರು, ಕೊಂಚವೂ ಅಳುಕದೆ. "ಎಲ್ಲರಿಗೂ ಒಂದೇ ಚಡ್ಡಿ ಹಂಚಿದ್ರೆ ನಾನೇನು ಮಾಡ್ಲಿ? ನಮ್ಮೋರೇ ಅಂದ್ಕೊಂಡೆ." ಆಮೇಲೆ ಏನೋ ಹೊಳೆದವರಂತೆ ಗಂಡನಿದ್ದಾರೆಂದು ಅಂದಾಜಿಸಿದ ದಿಕ್ಕಿಗೆ ತಿರುಗಿದರು. "ಅಂದ್ರೆ... ಬೆಳಿಗ್ಗೆ ನಾನು ಹೇಳಿದ್ದು ನಿಮಗಲ್ವಾ? ಹ್ಞೂಂ ಅಂದ್ರಲ್ಲ!"

"ಏನು ಹೇಳಿದೆ? ನನಗೇನೂ ಹೇಳಿಲ್ಲವಲ್ಲೇ!" ಎಂದರು ಮ್ಯಾನೇಜರು.

ಇಲ್ಲಿ ಸರಿಸಾರ್ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ದೊಡ್ಡವರಿಗೆ ನೆರವಾಗುವುದು ಅವನಿಗೆ ಅಭ್ಯಾಸವಾಗಿ ಹೋಗಿತ್ತು.

"ನಾನು ಹೇಳ್ತೀನಿ ಸಾರ್. 'ಆ ಬೆಪ್ಪನಿಗೆ ಮಾತ್ರ ಕೊಡ್ಬೇಡಿ, ಚುರುಕಾಗಿರೋನಿಗೆ ಕೊಡಿ' ಅಂದ್ರು. ನಾನು ಅದು ಸೂಟ್‌ಕೇಸು ಅಂದ್ಕೊಂಡೆ..."

ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ಸೂಟ್‌ಕೇಸಿನ ಸಂಗತಿ ಶ್ರೀಮತಿಯವರಿಗೆ ಹೇಗೆ ಗೊತ್ತಿರಬೇಕು? ಖಾಲಿಯಿದ್ದದ್ದು ಒಂದೇ ಕುರ್ಚಿ. ಚುರುಕಾದವನು ಮೊಣಕಾಲೂರಿ ಪಕ್ಕದಲ್ಲೇ ಕುಳಿತಿದ್ದ. ಉಳಿದವನು ಯಾರು?

ಮ್ಯಾನೇಜರು ಗಂಟಲು ಸರಿಪಡಿಸಿಕೊಂಡರು. "ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಇನ್ನೇನಿದೆ? ಕುರ್ಚಿ ಹದ್ದಿಗೆ. ಏನಯ್ಯಾ, ಬೇಜಾರಿಲ್ಲ ತಾನೇ?"

"ಸರಿ ಸಾರ್" ಎಂದ ಸರಿಸಾರ್.

ಕೋಣೆಗೆ ಬಂದಾಗ ಬಾಗಿಲಲ್ಲಿ ಆಕಳಿಸುವ ಕೂಲಿ ನಿಂತಿದ್ದ. ಇಂದು ಯಾವ ದೋಣಿಗೆ ಏನು ಹಾಕಿದನೋ, ಸೂಟ್‌ಕೇಸು ತಾನಾಗಿಯೇ ಹಿಂದಿರುಗಿತ್ತು. ಅದನ್ನಿಟ್ಟು, ಮನಸಾರೆ ಒಮ್ಮೆ ಆಕಳಿಸಿ, ಅವನು ಹೋದ.

ಹೆಂಡತಿ ಸೂಟ್‌ಕೇಸು ತೆರೆದಳು. ಹೊಸ ಬಟ್ಟೆ ಮುಟ್ಟಲಿಲ್ಲ. ಅಡಿಯಿಂದ ಲೋಷನ್ನಿನ ಬಾಟಲಿ ತೆಗೆದು ಅಂಗೈಗೆ ಸುರಿದುಕೊಂಡಳು.

"ತಿರುಗಿ" ಎಂದಳು.

ಸೂಟ್‌ಕೇಸು ಹೋದಂದಿನಿಂದ ಅವಳು ಎಂದಾದರೂ ತಾನಾಗಿ ಮಾತಾಡಿಸಲೆಂದು ಕಾದಿದ್ದ ಸರಿಸಾರ್‌ಗೆ ಆ ಒಂದು ಮಾತೇ ಅಮೃತವಾಯಿತು. ಕುರ್ಚಿ ಹೋದರೆ ಹೋಗಲಿ, ಹೆಂಡತಿ ಒಲಿದಳಲ್ಲ! ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿಕೊಂಡ.

"ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿ ಕೈ ಯಾವುದು, ಮ್ಯಾನೇಜರ್ ಹೆಂಡತಿ ಕೈ ಯಾವುದು, ಅಷ್ಟೂ ಗೊತ್ತಾಗಲಿಲ್ವೇನ್ರೀ ನಿಮಗೆ?"

"ಅದು... ನಿದ್ದೆಗಣ್ಣಲ್ಲಿ..."

"ಇನ್ನು ಮೇಲೆ ಗೊತ್ತಾಗುತ್ತೆ."

ಚಟೀರ್!

ಬೆಳಗಾದಾಗ ಸರಿಸಾರ್‌ನ ಬೆನ್ನ ಮೇಲೆ ಎರಡು ಅಂಗೈಗಳಿದ್ದವು. ದೊಡ್ಡದು ಬಿಳಿ, ಚಿಕ್ಕದು ಕೆಂಪು. ಚಿಕ್ಕದು ಯಾರದೆಂದು ಅಳತೆ ತೆಗೆಯಲು ಉಪ ಮ್ಯಾನೇಜರ್ ಹದ್ದು ಕೂಡ ಬಗ್ಗಲಿಲ್ಲ.