ಕುಪ್ಪಗಡ್ಡೆಯಲ್ಲಿ ಎಂಜಲಿನ ಪರೀಕ್ಷೆ

ವಂಶದಲ್ಲಿ ಮೊದಲು ಡಿಗ್ರಿ ಪಡೆದವನಿಗೆ ಒಂದು ವಿಚಿತ್ರ ಸಂಕಟವಿದೆ. ಬಡಗಿ ತಾನು ಮಾಡಿದ ಬಾಗಿಲು ತೋರಿಸಬಹುದು, ದರ್ಜಿ ತಾನು ಹೊಲಿದ ಅಂಗಿ ತೋರಿಸಬಹುದು, ಬಿ.ಎಸ್ಸಿ. ಆದವನು ಏನು ತೋರಿಸಬೇಕು? ನಾನು ಉಡುತಡಿಯಲ್ಲಿ ನೇಗಿಲು ಹಿಡಿದವನ ಮಗ. ಬಿಟ್ಟಿ ಊಟದ ಹಾಸ್ಟೆಲಿನಲ್ಲಿದ್ದು, ಬೇರೆಯವರ ಪುಸ್ತಕ ಬೇಡಿ ಓದಿ ಪಾಸಾದೆ. ಶಿಕಾರಿಪುರದಲ್ಲಿ ವಿಜ್ಞಾನದ ಮೇಷ್ಟ್ರೂ ಆದೆ. ಅದರ ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ, ಮುಚ್ಚಿಡುವುದಿಲ್ಲ. ಆದರೆ ಐವತ್ತರ ದಶಕದ ಕೊನೆಯಲ್ಲಿ ಸೊರಬದ ಕಡೆ ಕುಪ್ಪಗಡ್ಡೆಗೆ ಹೆಣ್ಣು ನೋಡಲು ಹೋದಾಗ ಆ ಡಿಗ್ರಿಯನ್ನು ಉಗುಳಿ ತೋರಿಸಬೇಕಾಗುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ, ನಾನು ಬಸ್ಸು ಹತ್ತುತ್ತಲೇ ಇರಲಿಲ್ಲ.

ಜೊತೆಗೆ ಬಂದವನು ಸೋದರಮಾವ ಒಬ್ಬನೇ. ಹುಡುಗಿ, ಗಿರಿಜೆ, ಸಿಹಿ ಅವಲಕ್ಕಿಯ ತಟ್ಟೆ ಇಟ್ಟು ಬಾಗಿಲ ಹಿಂದೆ ಸರಿದಳು. ನಾನು ಸರಿಯಾಗಿ ನೋಡಿದ್ದು ಅವಳ ಕೈಯನ್ನು ಮಾತ್ರ. ಕೈಯಂತೂ ನನಗೆ ಒಪ್ಪಿಗೆಯಾಗಿತ್ತು. ಅಷ್ಟರಲ್ಲಿ ಅವಳ ತಂದೆ ಗಂಟಲು ಸರಿಮಾಡಿಕೊಂಡರು.

"ಬೇಜಾರು ಮಾಡ್ಕಬೇಡಿ ಮೇಷ್ಟ್ರೇ. ಹಿಂದೆ ಬಂದೋನು ಬಿ.ಎ. ಅಂದಿದ್ದ. ವಿಚಾರಿಸಿದ್ರೆ ಮಿಡ್ಲಿಸ್ಕೂಲೂ ದಾಟಿರ್ಲಿಲ್ಲ. ನೀವು ಓದಿದ್ದು ಎಂತದು, ಸ್ವಲ್ಪ ಹೇಳಿ. ನಂಬಿಕೆ ಬಂದ್ರೆ ಮುಂದಿನ ಮಾತು."

ನಾನು ತಟ್ಟೆಯನ್ನೇ ಪಾಠಕ್ಕೆ ಹಿಡಿದೆ. "ಅವಲಕ್ಕಿಯನ್ನು ಚೆನ್ನಾಗಿ ಅಗಿದು ನೋಡಿ, ಸಿಹಿಯಾಗುತ್ತದೆ."

"ಬೆಲ್ಲ ಹಾಕಿದ್ಮೇಲೆ ಸಿಹಿ ಆಗ್ದೆ ಖಾರ ಆಗ್ತದನಾ?" ಎಂದರು ಗಿರಿಜೆಯ ಅಜ್ಜಿ.

ನಾನು ಸೋಲಲಿಲ್ಲ. ಅಕ್ಕಿಯ ಪಿಷ್ಟವೆಂದರೆ ಸಕ್ಕರೆಯ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ನಮ್ಮ ಬಾಯಿನೀರಿನಲ್ಲಿರುವ ಕಿಣ್ವ ಆ ಸರವನ್ನು ತುಂಡು ತುಂಡು ಮಾಡುತ್ತದೆ. ಮುಂದೆ ಕರುಳಿನಲ್ಲಿ ಬೇರೆ ಕಿಣ್ವಗಳು ಉಳಿದ ಗಂಟುಗಳನ್ನೂ ಬಿಡಿಸುತ್ತವೆ. ಬಿಡಿಯಾದ ಸಕ್ಕರೆ ರಕ್ತದಲ್ಲಿ ಹರಿದು ಜೀವಕೋಶಗಳನ್ನು ಸೇರಿದ ಮೇಲೆ, ಅಲ್ಲಿನ ಕಿಣ್ವಗಳು ಅದನ್ನು ಹಂತ ಹಂತವಾಗಿ ಒಡೆದು, ಬೆಂಕಿಯೇ ಇಲ್ಲದೆ ಮೈಗೆ ಶಕ್ತಿ ಒದಗಿಸುತ್ತವೆ. ಇಷ್ಟೆಲ್ಲ ಮಾಡಿಯೂ ಕಿಣ್ವ ತಾನು ಖರ್ಚಾಗುವುದಿಲ್ಲ. ಮದುವೆ ದಲ್ಲಾಳಿಯ ಹಾಗೆ. ಅವನು ಕೂಡಿಸುತ್ತಾನೆ, ಇದು ಬಿಡಿಸುತ್ತದೆ, ಅಷ್ಟೇ ವ್ಯತ್ಯಾಸ. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

"ಅಂದ್ರೆ ನಾವು ಉಂಡಿದ್ದು ಕರಗಾದು ಎಂಜಲಿಂದನಾ?" ಎಂದರು ಅಜ್ಜಿ.

"ಶುರುವಾಗುವುದು ಅಲ್ಲಿಂದಲೇ."

ಅಜ್ಜಿ ತಟ್ಟೆಯನ್ನು ದೂರ ತಳ್ಳಿದರು. ತಂದೆ ಮಾತ್ರ, "ತೋರಿಸ್ತೀರಾ?" ಎಂದರು.

ಗಂಜಿ ಮತ್ತು ಗಾಯಕ್ಕೆ ಹಚ್ಚುವ ಟಿಂಚರ್ ಅಯೊಡಿನ್ ಕೇಳಿದೆ. ಅಡುಗೆ ಪಾತ್ರೆಗೆ ಉಗುಳಿದರೆ ಅಜ್ಜಿ ಅಲ್ಲೇ ಪ್ರಾಣ ಬಿಡುತ್ತಿದ್ದರು. ಹಾಗಾಗಿ ಮೂರು ತೆಂಗಿನ ಕರಟಗಳಲ್ಲಿ ಗಂಜಿ ಬಂತು, ಒಲೆಯಿಂದ ನೇರವಾಗಿ, ಹಬೆಯಾಡುತ್ತ. ಒಂದಕ್ಕೆ ಬರೀ ಟಿಂಚರ್ ಬಿಟ್ಟೆ. ಗಂಜಿ ಕಡುನೀಲಿಯಾಯಿತು. "ಅಯ್ಯಯ್ಯೋ, ವಿಷ ಆತು!" ಎಂದು ಅಜ್ಜಿ ಕಿರುಚಿದರು. ಪಿಷ್ಟ ಇರುವವರೆಗೆ ನೀಲಿ, ಸಕ್ಕರೆಯಾಗಿ ಒಡೆದರೆ ನೀಲಿ ಇಲ್ಲ ಎಂದು ಸಮಾಧಾನ ಹೇಳಿ, ಗೋಡೆಗೆ ತಿರುಗಿ ಎರಡನೆಯದಕ್ಕೆ ಉಗುಳಿದೆ. ಒಂದು ಎಲೆಯಡಿಕೆ ಕವಳ ಹಾಕುವಷ್ಟು ಹೊತ್ತು ಕಾದು ಟಿಂಚರ್ ಬಿಟ್ಟೆ.

ನೀಲಿ! ಮಸಿಕುಡಿಕೆಯಲ್ಲೂ ಅಂಥ ನೀಲಿ ನೋಡಿರಲಿಲ್ಲ. ಸೋದರಮಾವ ಕಿವಿಯ ಹತ್ತಿರ ಬಂದು, "ಲೇ, ನೀ ಪಾಸಾಗಿದ್ದು ಖರೇನೇನಲೇ?" ಎಂದ. ಗಿರಿಜೆಯ ತಂದೆ ಶಲ್ಯ ಕೊಡವಿಕೊಂಡು ಎದ್ದರು.

ಆಗ ಬಾಗಿಲ ಹಿಂದಿದ್ದವಳು ಈಚೆ ಬಂದಳು. ಮೂರನೆಯ ಕರಟ ಎತ್ತಿಕೊಂಡು, ಎಲ್ಲರ ಎದುರಿಗೆ, ಅದಕ್ಕೆ ಉಗುಳಿದಳು.

"ಒಬ್ರ ಬಾಯಿ ನೋಡಿ ಪಾಠನೇ ಸುಳ್ಳು ಅನ್ನಾದು ಹೆಂಗಪ್ಪಯ್ಯಾ?"

ಎಲ್ಲರೂ ದಂಗಾಗಿ ಅವಳನ್ನೇ ನೋಡುತ್ತಿದ್ದ ಆ ಹೊತ್ತೇ ಕಿಣ್ವಕ್ಕೆ ಸಾಕಾಗಿರಬೇಕು. ಅವಳು ಟಿಂಚರ್ ಬಿಟ್ಟಳು. ಹನಿ ತನ್ನ ಕಂದು ಬಣ್ಣದಲ್ಲೇ ಹರಡಿತು; ನೀಲಿಯ ಸುಳಿವಿಲ್ಲ.

"ಬಾಯಿ ಅಂದ್ರೆ ನಮ್ಮ ಹುಡ್ಗೀದು!" ಎಂದರು ಅಜ್ಜಿ.

"ಗಂಡಿನ ಮುಂದೆ ಉಗುಳೋ ಹೆಣ್ಣು! ಏಳಲೇ, ಹೋಗಾಣ," ಎಂದ ಸೋದರಮಾವ.

ನನಗೆ ಆಗ ಹೊಳೆಯಿತು. ಕಿಣ್ವಕ್ಕೆ ಮೈಬಿಸಿಯಷ್ಟು ಬಿಸಿ ಸಾಕು. ಕುದಿಯುವ ಗಂಜಿಯಲ್ಲಿ ಅದು ಕೆಟ್ಟುಹೋಗುತ್ತದೆ. ನಾನು ಉಗುಳಿದ್ದು ಒಲೆಯಿಂದ ಇಳಿದ ಗಂಜಿಗೆ, ಅವಳು ಉಗುಳಿದ್ದು ಆರಿದ ಗಂಜಿಗೆ. ಅವಸರವಾಗಿ ಇದನ್ನು ವಿವರಿಸಿದೆ.

"ಇದು ನಿಮ್ಗೆ ಮೊದ್ಲೇ ಗೊತ್ತಿತ್ತಾ?" ಎಂದರು ತಂದೆ.

"ವರ್ಷವರ್ಷವೂ ಪಾಠ ಮಾಡುತ್ತೇನೆ."

"ಹಂಗಾರೆ ಇನ್ನೊಂದ್ಸಲ ಉಗುಳಿ. ನೀಲಿ ಬರದಿದ್ರೆ ಹುಡುಗಿ ಕೊಡ್ತೀನಿ."

ಆರಿದ ಗಂಜಿ ಬಂತು. ಆದರೆ ಗಾಬರಿಗೆ ನನ್ನ ಬಾಯಿ ಒಣಗಿ ಹೋಗಿತ್ತು. ಎಷ್ಟು ತಿಣುಕಿದರೂ ಒಂದು ಹನಿ ಇಲ್ಲ. ಅಜ್ಜಿಗೆ ಕನಿಕರ ಬಂತೋ ಏನೋ, ಒಳಗಿನಿಂದ ಹೊಸ ಹುಣಸೆಹಣ್ಣು ತಂದು ನನ್ನ ಮೂಗಿನ ಮುಂದೆ ಹಿಡಿದು, ತಾವೇ ಚೂರು ಚೀಪಿ, ಕಣ್ಣು ಮುಚ್ಚಿ ಚಪ್ಪರಿಸಿದರು. ನನ್ನ ಬಾಯಿ ಕೆರೆಯಾಯಿತು. ಅದೇ ಹೊತ್ತಿಗೆ ಸೋದರಮಾವ ರಟ್ಟೆ ಹಿಡಿದು ಕೇಳಿದ: "ಈಗ್ಲೇ ಹೇಳು. ಈ ಹುಡುಗಿ ಒಪ್ಪಿಗೇನಾ?" ಬಾಯಿ ತುಂಬಿದ್ದರಿಂದ ಮಾತಾಡುವಂತಿರಲಿಲ್ಲ. ಹೌದೆಂದು ಜೋರಾಗಿ ತಲೆಯಾಡಿಸಿ, ಬಗ್ಗಿ ಉಗುಳಿದೆ.

ನೀಲಿ ಬರಲಿಲ್ಲವೆಂದು ಆಮೇಲೆ ಎಲ್ಲರೂ ಹೇಳಿದರು. ನಾನು ಕರಟದ ಕಡೆ ನೋಡಲೇ ಇಲ್ಲ. ಗಿರಿಜೆ ಬಾಗಿಲಿಗೆ ಒರಗಿ ನಗುತ್ತಿದ್ದಳು. ಪ್ರಯೋಗದ ಫಲ ನೋಡದೆ ಮೊದಲೇ ತೀರ್ಮಾನ ಬರೆದಿಡುವ ಹುಡುಗರಿಗೆ ತರಗತಿಯಲ್ಲಿ ನಾನು ದಯೆ ದಾಕ್ಷಿಣ್ಯವಿಲ್ಲದೆ ಸೊನ್ನೆ ಹಾಕುತ್ತೇನೆ.